ಸೂರ್ಯೋದಯದಲ್ಲಿ ಕೃಷ್ಣಮೃಗ: ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು?

ಪ್ರಶ್ನೆ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಬೆಳಗಿನ ಜಾವವೇ ಹೋಗಿ, ಸೂರ್ಯ ಹುಟ್ಟುವ ಹೊತ್ತಿಗೆ ಕೃಷ್ಣಮೃಗಗಳ ಸಿಲೂಯೆಟ್ (ಬೆಳಕಿನ ಆಕಾಶದ ಎದುರು ಕಪ್ಪು ಆಕಾರ) ತೆಗೆಯಲು ನೋಡಿದೆ. ನನ್ನದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 70-300 ಲೆನ್ಸ್. ಆಕಾಶ ಬೆಳ್ಳಗೆ ಸುಟ್ಟುಹೋಗಿದೆ. ಪ್ರಾಣಿಗಳು ನೆಲದಲ್ಲೇ ಕಲೆತು ಕಪ್ಪು ಮುದ್ದೆ ಆಗಿವೆ. ಅಲ್ಲೊಂದು ಇಲ್ಲೊಂದು ಕೊಂಬಿನ ತುದಿ ಮಾತ್ರ ಕಾಣುತ್ತದೆ. ಸೂರ್ಯನ ಬಿಂಬವೂ ಚಿತ್ರದಲ್ಲಿ ಬರಬೇಕು ಅಂತ ಆಸೆ. ಯಾವ ಸೆಟ್ಟಿಂಗ್ ಇಡಬೇಕು? ದೊಡ್ಡ ಲೆನ್ಸ್ ಬೇಕಾ? ಮುಂದೆ ಕಬಿನಿಗೆ ಹೋದಾಗ ಜೀಪಿನಿಂದ ಆನೆಗಳನ್ನೂ ಹೀಗೆ ತೆಗೆಯಬಹುದಾ?

ಉತ್ತರ: ನೀವು ಕಳಿಸಿದ ಫೋಟೋಗಳನ್ನು ನಿಧಾನವಾಗಿ ನೋಡಿದೆ. ಆಕಾಶ ಸುಟ್ಟುಹೋಗಿರುವುದು ಸೆಟ್ಟಿಂಗಿನ ತೊಂದರೆ, ಹೌದು. ಅದನ್ನು ಐದು ನಿಮಿಷದಲ್ಲಿ ಸರಿಮಾಡಬಹುದು. ಪ್ರಾಣಿಗಳು ಮುದ್ದೆ ಆಗಿದ್ದಕ್ಕೆ ಮಾತ್ರ ಸೆಟ್ಟಿಂಗ್ ಕಾರಣ ಅಲ್ಲ, ಲೆನ್ಸೂ ಕಾರಣ ಅಲ್ಲ. ನೀವು ನಿಂತುಕೊಂಡು ಫೋಟೋ ತೆಗೆದಿದ್ದೀರಿ. ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಸಿಲೂಯೆಟ್ ಬಗ್ಗೆ ಮಾತಾಡುವವರು ಹೆಚ್ಚಿನವರು ಈ ವಿಷಯ ಬಿಟ್ಟು ಸೀದಾ ಬೆಳಕಿನ ಪ್ರಮಾಣಕ್ಕೆ, ಅಂದರೆ ಎಕ್ಸ್‌ಪೋಷರ್‌ಗೆ ಹೋಗುತ್ತಾರೆ. ಬಯಲು ಸಮತಟ್ಟಾಗಿದ್ದರೆ, ದಿಗಂತದ ಗೆರೆ ಪ್ರಾಣಿಯ ಮೈ ಮೇಲೆ ನಿಮ್ಮ ಕ್ಯಾಮೆರಾ ಇರುವ ಎತ್ತರದಲ್ಲೇ ಹಾದುಹೋಗುತ್ತದೆ. ಪ್ರಾಣಿ ಐವತ್ತು ಮೀಟರ್ ದೂರದಲ್ಲಿರಲಿ, ಇನ್ನೂರು ಮೀಟರ್ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ನಿಂತವರ ಕಣ್ಣಿಗೆ ಹಿಡಿದ ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಕೃಷ್ಣಮೃಗದ ಭುಜದ ಎತ್ತರ ಸುಮಾರು 80 ಸೆಂಟಿಮೀಟರ್. ತಲೆ ಎತ್ತಿ ನಿಂತರೂ ಗಂಡಿನ ಕೊಂಬಿನ ತುದಿಯಷ್ಟೇ ಒಂದೂವರೆ ಮೀಟರ್ ಹತ್ತಿರ ಬರುತ್ತದೆ. ಅಂದರೆ ಇಡೀ ಪ್ರಾಣಿ ದಿಗಂತದ ಕೆಳಗೆ, ಕತ್ತಲೆಯ ನೆಲದ ಎದುರು ನಿಂತಿದೆ. ಕಪ್ಪಿನ ಮೇಲೆ ಕಪ್ಪು. ನಿಮ್ಮ ಫೋಟೋದಲ್ಲಿ ಕೊಂಬಿನ ತುದಿ ಮಾತ್ರ ಕಂಡಿದ್ದು ಇದಕ್ಕೇ.

ಕೂತುಕೊಂಡರೆ ಕ್ಯಾಮೆರಾ 70-80 ಸೆಂಟಿಮೀಟರಿಗೆ ಇಳಿಯುತ್ತದೆ. ಆಗ ಕತ್ತು, ತಲೆ, ಕೊಂಬು ಆಕಾಶಕ್ಕೆ ಬರುತ್ತವೆ. ಮೈ ಇನ್ನೂ ನೆಲದೊಳಗೇ ಇರುತ್ತದೆ. ಬೋರಲು ಮಲಗಿ, ಮೊಣಕೈ ಊರಿ, ಕ್ಯಾಮೆರಾವನ್ನು 25-30 ಸೆಂಟಿಮೀಟರಿಗೆ ಇಳಿಸಿದರೆ ಹೊಟ್ಟೆಯ ಕೆಳಗಿನ ಸಂದಿನಲ್ಲಿ ಬೆಳಕು ಕಾಣುತ್ತದೆ, ಕಾಲುಗಳು ಬೇರೆಬೇರೆಯಾಗಿ ಎದ್ದು ನಿಲ್ಲುತ್ತವೆ. ಮುದ್ದೆ ಹೋಗಿ ಪ್ರಾಣಿ ಆಗುವುದು ಆ ಸಂದಿನಿಂದ. ಒಂದು ದಪ್ಪ ಗೋಣಿಚೀಲ ಹಾಸಿಕೊಳ್ಳಿ. ಲೆನ್ಸಿನ ಕೆಳಗೆ ಇಡಲು ಬೀನ್‌ಬ್ಯಾಗ್ ಅಥವಾ ಅಕ್ಕಿ ತುಂಬಿದ ಬಟ್ಟೆಚೀಲ ಸಾಕು. ಮಲಗುವ ಮುಂಚೆ ಟಾರ್ಚ್ ಹಾಕಿ ನೆಲ ನೋಡಿ. ಮುಳ್ಳಿಗಿಂತ ಚೇಳಿನ ಬಗ್ಗೆ ಜಾಸ್ತಿ ಎಚ್ಚರ ಬೇಕು.

ಮಳೆಗಾಲ ಮುಗಿದ ಮೇಲೆ ಹುಲ್ಲು ಮೊಣಕಾಲುದ್ದ ಇರುತ್ತದೆ. ಆಗ ನೆಲಕ್ಕೆ ಮಲಗಿದರೆ ಲೆನ್ಸಿನ ಮುಂದೆ ಹುಲ್ಲೇ ಅಡ್ಡ. ಕಾಲುದಾರಿಯ ಅಂಚು, ಹುಲ್ಲು ಮೇಯ್ದು ಬೋಳಾದ ಜಾಗ ಹುಡುಕಿ. ಇಲ್ಲದಿದ್ದರೆ ನೀವು ತಗ್ಗಿನಲ್ಲಿದ್ದು ಪ್ರಾಣಿ ಎತ್ತರದಲ್ಲಿರುವಂತೆ ನೋಡಿಕೊಳ್ಳಿ. ಒಣಗಿದ ಹಳ್ಳ, ಕೆರೆ ಅಂಗಳ, ಹೊಲದ ಬದುವಿನ ಕೆಳಭಾಗ, ಎಲ್ಲವೂ ಆಗುತ್ತದೆ. ಬದುವಿನ ಮೇಲೆ ಹತ್ತಿ ನಿಂತ ಒಂಟಿ ಗಂಡು ಸಿಕ್ಕಿದರೆ ನೀವು ಮಲಗುವ ಅಗತ್ಯವೂ ಇಲ್ಲ.

ಇನ್ನೊಂದು ತೊಂದರೆ ನಿಮ್ಮ ಒಂದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದೆ ದೂರದಲ್ಲಿ ಮರಗಳ ಸಾಲು. ದೂರ ಇದೆ, ಚಿಕ್ಕದಾಗಿ ಕಾಣುತ್ತದೆ, ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಹತ್ತು ಮೀಟರ್ ಎತ್ತರದ ಮರಗಳು ಅರ್ಧ ಕಿಲೋಮೀಟರ್ ಆಚೆ ಇವೆ ಅಂದುಕೊಳ್ಳಿ. ನೀವು ನೆಲಕ್ಕೆ ಮಲಗಿದ್ದೀರಿ. ನೂರು ಮೀಟರ್ ದೂರದಲ್ಲಿ ನಿಂತ ಕೃಷ್ಣಮೃಗದ ಹಿಂದೆ ಆ ಸಾಲು ಹೆಚ್ಚುಕಡಿಮೆ ಎರಡು ಮೀಟರ್ ಎತ್ತರದ ಕಪ್ಪು ಗೋಡೆ ಆಗುತ್ತದೆ. ಪ್ರಾಣಿ ಪೂರ್ತಿ ಅದರೊಳಗೆ ಮುಳುಗಿತು. ಹಾಗಾಗಿ ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಪೂರ್ವದ ದಿಗಂತವನ್ನು. ಪ್ರಾಣಿ ಎಲ್ಲಿವೆ ಅನ್ನುವುದು ಆಮೇಲಿನ ಮಾತು. ಹಿಂದಿನ ಸಂಜೆಯೇ ಹೋಗಿ, ನೆಲಕ್ಕೆ ಕೂತು, ಯಾವ ಕಡೆ ಮರ, ಕಂಬ, ಮನೆ ಇಲ್ಲದ ತೆರಪು ಇದೆ ಅಂತ ಗುರುತು ಹಾಕಿಕೊಂಡು ಬನ್ನಿ.

ಪೂರ್ವ ಅಂದರೂ ಸೂರ್ಯ ವರ್ಷವಿಡೀ ಒಂದೇ ಕಡೆ ಹುಟ್ಟುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಸರಿಯಾದ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತದೆ. ಡಿಸೆಂಬರಿನಲ್ಲಿ ಸಿಕ್ಕಿದ ತೆರಪು ಮಾರ್ಚಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಫೋಟೋಪಿಲ್ಸ್‌ನಂಥ ಆ್ಯಪ್ ಆಯಾ ದಿನದ ಸಮಯ, ದಿಕ್ಕು ಎರಡನ್ನೂ ತೋರಿಸುತ್ತದೆ. ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಹುಟ್ಟುವುದು ಆರೂ ಮುಕ್ಕಾಲಿನ ಹೊತ್ತಿಗೆ, ಜೂನ್ ಮೊದಲಿಗೆ ಆರಕ್ಕೂ ಮುಂಚೆ.

ಚಳಿಗಾಲದಲ್ಲಿ ಒಂದು ಅನುಕೂಲ ಇದೆ. ಇಬ್ಬನಿ ಬಿದ್ದ ದಿನ ನಿಮಗೂ ಆ ಮರದ ಸಾಲಿಗೂ ನಡುವೆ ಮಂಜು ತುಂಬಿರುತ್ತದೆ. ಆಗ ಮರಗಳು ಬೂದು ಬಣ್ಣಕ್ಕೆ ತಿರುಗುತ್ತವೆ, ಹತ್ತಿರದ ಪ್ರಾಣಿ ಮಾತ್ರ ಕಪ್ಪಗೆ ಉಳಿಯುತ್ತದೆ. ಮರ ಅಡ್ಡ ಇದ್ದರೂ ಪ್ರಾಣಿ ಎದ್ದು ಕಾಣುತ್ತದೆ. ನನ್ನ ಪ್ರಕಾರ ಬರೀ ಕಿತ್ತಳೆ ಆಕಾಶಕ್ಕಿಂತ ಇಂಥ ಬೆಳಗುಗಳೇ ಚೆನ್ನ. ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಅವರ ಚಿತ್ರಗಳು ಸಿಕ್ಕಿದರೆ ಬಿಡಬೇಡಿ. ಬಣ್ಣದ ಸಹಾಯ ಇಲ್ಲದೆ ಬೆಳಕು, ಆಕಾರ ಎಷ್ಟು ಕೆಲಸ ಮಾಡಬಹುದು ಅಂತ ಅವುಗಳಲ್ಲಿ ಗೊತ್ತಾಗುತ್ತದೆ.

ಈಗ ಆಕಾರದ ವಿಷಯ. ಕೃಷ್ಣಮೃಗದಲ್ಲಿ ನೀವು ತೋರಿಸಬೇಕಾದ್ದು ಸುರುಳಿ ಕೊಂಬು. ಬಣ್ಣ, ಕಣ್ಣಿನ ಸುತ್ತಲಿನ ಬಿಳಿ, ಹೊಟ್ಟೆಯ ಬಿಳಿ, ಎಲ್ಲವೂ ಸಿಲೂಯೆಟ್‌ನಲ್ಲಿ ಹೋಗಿಬಿಡುತ್ತದೆ. ಉಳಿಯುವುದು ಅಂಚು ಮಾತ್ರ. ತಲೆ ಪೂರ್ತಿ ಪಕ್ಕಕ್ಕೆ ತಿರುಗಿದ್ದರೆ ಎರಡು ಕೊಂಬು ಒಂದರ ಮೇಲೊಂದು ಬಿದ್ದು ಒಂದೇ ಕೊಂಬಿನಂತೆ ಕಾಣುತ್ತದೆ. ನೇರ ನಿಮ್ಮ ಕಡೆ ನೋಡಿದರೆ ಕೊಂಬು ಚೆನ್ನಾಗಿ ಕವಲೊಡೆದು ಕಾಣುತ್ತದೆ, ಆದರೆ ಮುಖದ ಆಕಾರ ಹೋಗುತ್ತದೆ, ಮೂತಿ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಮೈ ಪಕ್ಕಕ್ಕಿದ್ದು, ತಲೆ ಮಾತ್ರ ಸ್ವಲ್ಪವೇ ನಿಮ್ಮ ಕಡೆಗೋ ಆ ಕಡೆಗೋ ಹೊರಳಿದ ಕ್ಷಣ ಕಾಯಿರಿ. ಆಗ ಮೂತಿಯೂ ಇರುತ್ತದೆ, ಎರಡು ಸುರುಳಿಯೂ ಬೇರೆಬೇರೆ ಕಾಣುತ್ತವೆ, ನಡುವೆ ಆಕಾಶ ಇಣುಕುತ್ತದೆ. ಆ ಕ್ಷಣ ಒಂದೆರಡು ಸೆಕೆಂಡ್ ಇರುತ್ತದೆ ಅಷ್ಟೇ, ಒಂದೇ ಸಮನೆ ಹಲವು ಫೋಟೋ ತೆಗೆಯುವ ಬರ್ಸ್ಟ್ ಮೋಡ್ ಹಾಕಿಕೊಂಡಿರಿ.

ತನ್ನ ಜಾಗ ಕಾಯುವ ದೊಡ್ಡ ಗಂಡು ಇನ್ನೊಂದು ಗಂಡನ್ನು ಕಂಡಾಗ ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿನ ಕಡೆ ಒರಗಿಸಿ, ಬಾಲ ಮೇಲಕ್ಕೆ ಸುತ್ತಿಕೊಂಡು ಗತ್ತಿನಲ್ಲಿ ನಡೆಯುತ್ತದೆ. ಇದು ಸಿಲೂಯೆಟ್‌ಗೆ ಹೇಳಿ ಮಾಡಿಸಿದ ಭಂಗಿ. ಗಂಟಲಿನ ಗೆರೆ, ಕೊಂಬು ಮತ್ತು ಕತ್ತಿನ ನಡುವಿನ ಸಂದು, ಎಲ್ಲ ಬಿಡಿಸಿ ಕಾಣುತ್ತದೆ. ಮೇಯುವಾಗ ಮಾತ್ರ ಕ್ಲಿಕ್ ಮಾಡುವುದು ಸುಮ್ನೆ ವ್ಯರ್ಥ. ತಲೆ ಹುಲ್ಲಿನೊಳಗೆ ಹೋಗಿರುತ್ತದೆ, ಉಳಿದದ್ದು ನಾಲ್ಕು ಕಾಲಿನ ಒಂದು ದಿಂಡು. ಆದರೆ ಮೇಯುವ ಪ್ರಾಣಿ ಆಗಾಗ ತಲೆ ಎತ್ತಿ ಸುತ್ತ ನೋಡಲೇಬೇಕು. ಅದಕ್ಕೆ ಬೆರಳು ಸಿದ್ಧ ಇರಲಿ.

ಹಿಂಡನ್ನು ತೆಗೆಯುವ ಆಸೆ ನಿಮಗೆ ಇದೆ ಅಂತ ಫೋಟೋ ನೋಡಿದರೆ ತಿಳಿಯುತ್ತದೆ. ಹಿಂಡು ಕಷ್ಟ. ಎರಡು ಪ್ರಾಣಿ ಒಂದರ ಹಿಂದೆ ಒಂದು ಬಂದರೆ ಎಂಟು ಕಾಲಿನ ಒಂದು ವಿಚಿತ್ರ ಪ್ರಾಣಿ ಆಗುತ್ತದೆ. ಹಿಂಡು ಸಾಲಾಗಿ ನಡೆಯುವಾಗ, ಆ ಸಾಲಿಗೆ ನೀವು ಅಡ್ಡಲಾಗಿ ಪಕ್ಕದಲ್ಲಿದ್ದಾಗ ಮಾತ್ರ ಪ್ರಯತ್ನಿಸಿ. ಇಲ್ಲದಿದ್ದರೆ ಅಂಚಿನಲ್ಲಿ ಒಂಟಿಯಾಗಿರುವ ಒಂದನ್ನೋ, ನಡುವೆ ತೆರಪಿರುವ ಎರಡನ್ನೋ ಆರಿಸಿಕೊಳ್ಳಿ.

ಸೂರ್ಯನ ಬಿಂಬವೂ ಚಿತ್ರದಲ್ಲಿ ಬೇಕು ಅಂದಿದ್ದೀರಿ. ಅದಕ್ಕೊಂದು ಸುಲಭ ಲೆಕ್ಕ ಇದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಲೆನ್ಸಿನ ಫೋಕಲ್ ಲೆಂತನ್ನು (ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆ) 109ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬಿಂಬ ಎಷ್ಟು ದೊಡ್ಡದು ಬೀಳುತ್ತದೆ ಅಂತ ಸಿಗುತ್ತದೆ. ನಿಮ್ಮ 300ಕ್ಕೆ ಅದು ಮೂರು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಕ್ರಾಪ್ ಸೆನ್ಸರಿನ ಎತ್ತರ ಹದಿನೈದು ಚಿಲ್ಲರೆ ಮಿಲಿಮೀಟರ್. ಅಂದರೆ ಸೂರ್ಯ ನಿಮ್ಮ ಫ್ರೇಮಿನ ಎತ್ತರದ ಹೆಚ್ಚುಕಡಿಮೆ ಆರರಲ್ಲೊಂದು ಭಾಗ. ಅಷ್ಟು ಸಾಕು, ನಿಜವಾಗಿ ಸಾಕು. ದೊಡ್ಡ ಲೆನ್ಸಿಗೆ ದುಡ್ಡು ಹಾಕುವ ಮುಂಚೆ ಈಗಿರುವುದರಲ್ಲೇ ಒಂದು ಚಳಿಗಾಲ ಕಳೆಯಿರಿ.

ಅದೇ 109 ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. ಪ್ರಾಣಿ ತನ್ನ ಎತ್ತರದ 109 ಪಟ್ಟು ದೂರದಲ್ಲಿದ್ದರೆ ಅದೂ ಸೂರ್ಯನೂ ಚಿತ್ರದಲ್ಲಿ ಒಂದೇ ಎತ್ತರ. ಕೃಷ್ಣಮೃಗದ ಭುಜದ ಎತ್ತರಕ್ಕೆ ಅದು ಸುಮಾರು 87 ಮೀಟರ್. 150 ಮೀಟರಿಗೆ ಹೋದರೆ ಕೊಂಬು ಸಮೇತ ಇಡೀ ಪ್ರಾಣಿ ಹೆಚ್ಚುಕಡಿಮೆ ಬಿಂಬದೊಳಗೆ ಕೂರುತ್ತದೆ. ಸೂರ್ಯ ದೊಡ್ಡದಾಗಿ ಕಾಣಬೇಕು ಅಂದರೆ ಹತ್ತಿರ ಹೋಗಬಾರದು, ಹಿಂದೆ ಸರಿಯಬೇಕು. ಪ್ರಾಣಿಗಳಿಗೂ ಅದೇ ಒಳ್ಳೆಯದು. ಅಂತರ್ಜಾಲದಲ್ಲಿ ಹತ್ತಿರದಿಂದ ತೆಗೆದಂತಿರುವ ಜಿಂಕೆಯ ಹಿಂದೆ ಅದರ ನಾಲ್ಕು ಪಟ್ಟು ದೊಡ್ಡ ಸೂರ್ಯ ಕಂಡರೆ, ಆ ಸೂರ್ಯನನ್ನು ಆಮೇಲೆ ಅಂಟಿಸಿರುವ ಸಾಧ್ಯತೆಯೇ ಜಾಸ್ತಿ. ದಯವಿಟ್ಟು ನೀವು ಆ ದಾರಿ ಹಿಡಿಯಬೇಡಿ. ಈ ಚಿತ್ರಕ್ಕೆ ಬೆಲೆ ಬರುವುದೇ ಪ್ರಾಣಿ, ನೆಲ, ಸೂರ್ಯ ಮೂರೂ ನಿಜವಾಗಿ ಒಂದು ಗೆರೆಗೆ ಬಂದದ್ದರಿಂದ.

ಆದರೆ ಸಮಯ ಬಹಳ ಕಡಿಮೆ. ನಮ್ಮ ಕಡೆ ಸೂರ್ಯ ತನ್ನ ಅಗಲದಷ್ಟು ಮೇಲೇರಲು ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಬಿಂಬ ದಿಗಂತ ಬಿಟ್ಟು ಐದಾರು ನಿಮಿಷಕ್ಕೆ ಪ್ರಾಣಿಯ ತಲೆಗಿಂತ ಮೇಲೆ ಹೋಗಿರುತ್ತದೆ. ಅಷ್ಟರಲ್ಲಿ ಹೊಳಪೂ ಏರಿ ಬಿಂಬದ ಅಂಚು ಕರಗುತ್ತದೆ. ಧೂಳು, ಮಂಜು ಇದ್ದ ದಿನ ಕೆಂಪು ಉಂಡೆ ಸ್ವಲ್ಪ ಹೊತ್ತು ಉಳಿಯುತ್ತದೆ. ರಾತ್ರಿ ಮಳೆ ಬಂದು ಗಾಳಿ ತೊಳೆದಂತಿದ್ದರೆ ಹುಟ್ಟುತ್ತಲೇ ಕಣ್ಣು ಕುಕ್ಕುತ್ತದೆ. ಅಂಥ ದಿನ ಬಿಂಬದ ಆಸೆ ಬಿಟ್ಟು ಸೂರ್ಯನನ್ನು ಪ್ರಾಣಿಯ ಮೈ ಹಿಂದೆ ಮರೆಮಾಡಿ. ರೋಮದ ಅಂಚಿಗೆ ಚಿನ್ನದ ಗೆರೆ ಬರುತ್ತದೆ. ಚಳಿ ಜೋರಾಗಿದ್ದರೆ ಮೂಗಿನಿಂದ ಬಿಟ್ಟ ಉಸಿರೂ ಕಾಣುತ್ತದೆ.

ನನ್ನನ್ನು ಕೇಳಿದರೆ ಸೂರ್ಯ ಹುಟ್ಟುವ ಮುಂಚಿನ ಇಪ್ಪತ್ತು ನಿಮಿಷ ಇದೆಯಲ್ಲ, ಅದೇ ಸಿಲೂಯೆಟ್‌ಗೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ದಿಗಂತದ ಮೇಲೆ ಕೆಂಪು ಪಟ್ಟಿ, ಅದರ ಮೇಲೆ ನೀಲಿ, ಎಲ್ಲೂ ಹೊಳಪಿನ ಕಾಟ ಇಲ್ಲ. ನೀವು ಹೋದದ್ದು ಸೂರ್ಯೋದಯದ ಹೊತ್ತಿಗೆ. ಮುಂದಿನ ಸಲ ಅದಕ್ಕೂ ಮುಕ್ಕಾಲು ಗಂಟೆ ಮುಂಚೆ ಜಾಗದಲ್ಲಿ ಮಲಗಿರಿ. ಪ್ರಾಣಿಗಳು ನಿಮ್ಮನ್ನು ಕಂಡು ಗಾಬರಿ ಬೀಳುವುದೂ ತಪ್ಪುತ್ತದೆ.

ಸೆಟ್ಟಿಂಗ್ ಈಗ ಬೇಗ ಹೇಳಿ ಮುಗಿಸುತ್ತೇನೆ. ಮ್ಯಾನ್ಯುಯಲ್ ಮೋಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿ ಸೂರ್ಯನ ಪಕ್ಕದ ಬಣ್ಣದ ಆಕಾಶವನ್ನು ಅಳೆಯಿರಿ. ಸೂರ್ಯನನ್ನೇ ಅಳೆದರೆ ಎಲ್ಲ ಕಪ್ಪಾಗುತ್ತದೆ, ನೆಲ ಸೇರಿಸಿ ಅಳೆದರೆ ನಿಮ್ಮ ಫೋಟೋದಂತೆ ಆಕಾಶ ಸುಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಐಎಸ್‌ಒ 400, ಎಫ್ 5.6, ಶಟರ್ 1/200ರ ಆಸುಪಾಸು ಶುರುಮಾಡಿ. ಮಂಜಿನ ಸೂರ್ಯ ಫ್ರೇಮಿಗೆ ಬಂದ ಮೇಲೆ ಐಎಸ್‌ಒ 100, ಎಫ್ 8, 1/1000 ಅಥವಾ ಇನ್ನೂ ವೇಗ. ಬೆಳಕು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ಕ್ಯಾಮೆರಾದ ನಕ್ಷೆ) ನೋಡುತ್ತಾ ಹೋಗಿ. ಎಡಗಡೆ ಗೋಡೆಗೆ ಒತ್ತಿಕೊಂಡಿದ್ದರೆ ಚಿಂತೆ ಬೇಡ, ಬಲಗಡೆ ಒತ್ತಬಾರದು. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಬೆಳಗಿನ ಕೆಂಪನ್ನೇ ದೋಷ ಅಂದುಕೊಂಡು ತಣ್ಣಗೆ ಮಾಡುತ್ತದೆ. ಡೇಲೈಟ್ ಅಥವಾ ಕ್ಲೌಡಿ ಇಡಿ. ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡಿ. ಸೂರ್ಯನ ಎದುರು ಅದರಿಂದ ಹಸಿರು ಚುಕ್ಕೆಗಳು ಬೀಳುತ್ತವೆ.

ಫೋಕಸ್ ಹಿಡಿಯುವುದು ಅಂಚಿನ ಮೇಲೆ. ಕಪ್ಪು ಮೈ ಮೇಲೆ ಪಾಯಿಂಟ್ ಇಟ್ಟರೆ ಲೆನ್ಸ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಒಂದೇ ಪಾಯಿಂಟ್ ಆರಿಸಿ, ಬೆನ್ನಿನ ಗೆರೆಯೋ ಕತ್ತಿನ ಗೆರೆಯೋ ಆಕಾಶಕ್ಕೆ ತಾಗುವ ಕಡೆ ಇಡಿ. ಕೊಂಬಿನ ಸುರುಳಿ ಒಂದೊಂದಾಗಿ ಎಣಿಸುವಂತೆ ಬರಬೇಕಾದರೆ ಈ ಫೋಕಸ್ ಕರಾರುವಾಕ್ಕಾಗಿರಬೇಕು. ಸಿಲೂಯೆಟ್‌ನಲ್ಲಿ ಮಸುಕು ಅಂಚಿಗೆ ಕ್ಷಮೆ ಇಲ್ಲ.

ಕಣ್ಣಿನ ಬಗ್ಗೆ ಗಂಭೀರವಾಗಿ ಹೇಳುತ್ತಿದ್ದೇನೆ. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಟೆಲಿ ಲೆನ್ಸ್ ಮೂಲಕ ಸೂರ್ಯನನ್ನು ನೋಡಬೇಡಿ. ಲೈವ್ ವ್ಯೂ ಹಾಕಿ ಹಿಂದಿನ ಪರದೆಯಲ್ಲಿ ನೋಡಿ. ಬಿಂಬ ಹೊಳೆಯಲು ಶುರುವಾದ ಮೇಲೆ ಲೆನ್ಸನ್ನು ಅದರ ಕಡೆ ಹಿಡಿದೇ ಇರಬೇಡಿ, ಸೆನ್ಸರಿಗೂ ಪೆಟ್ಟು.

ಕಬಿನಿಯ ಜೀಪಿಗೆ ಬರೋಣ. ಈಗ ಉತ್ತರ ನೀವೇ ಊಹಿಸಬಹುದು. ಜೀಪಿನಲ್ಲಿ ಕೂತಾಗ ಕ್ಯಾಮೆರಾ ಎರಡು ಮೀಟರ್ ಎತ್ತರದಲ್ಲಿರುತ್ತದೆ. ಹೆಣ್ಣಾನೆ ಅದಕ್ಕಿಂತ ಒಂದು ಗೇಣೋ ಎರಡು ಗೇಣೋ ಜಾಸ್ತಿ. ಸಮತಟ್ಟು ನೆಲದಲ್ಲಿ ಆನೆಯ ಬೆನ್ನು ಮಾತ್ರ ಗೆರೆ ದಾಟುತ್ತದೆ, ಅದರ ಹಿಂದೆ ಕಾಡು ಇದ್ದರೆ ಅದೂ ಇಲ್ಲ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಜೀಪಿನಿಂದ ಇಳಿಯುವ ಮಾತೇ ಇಲ್ಲ. ಅಲ್ಲಿ ನಿಮ್ಮ ಸಹಾಯಕ್ಕೆ ಬರುವುದು ನೀರು. 1974ರಲ್ಲಿ ಅಣೆಕಟ್ಟು ಮುಗಿದಾಗಿನಿಂದ ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಅಂಚಿನಲ್ಲಿ ಹಸಿರು ಹುಲ್ಲು ಏಳುತ್ತದೆ, ಮಾರ್ಚ್‌ನಿಂದ ಮೇವರೆಗೆ ಆನೆಗಳು ಅಲ್ಲಿ ಸೇರುತ್ತವೆ. ಆಕಾಶದ ಬಣ್ಣ ನೀರಿಗೂ ಬರುತ್ತದೆ. ಆಗ ಆನೆ ದಿಗಂತದ ಕೆಳಗಿದ್ದರೂ ಹಿಂದೆ ಹೊಳೆಯುವ ನೀರು ಇದ್ದರೆ ಸಿಲೂಯೆಟ್ ಆಗಿಬಿಡುತ್ತದೆ. ದಡದಲ್ಲಿ ಆನೆ, ಅದರಾಚೆ ನೀರು, ನೀರಿನಾಚೆ ಸೂರ್ಯ, ಈ ಸಾಲು ಬರುವ ಕಡೆ ಜೀಪ್ ನಿಲ್ಲಿಸಲು ಚಾಲಕರಿಗೆ ಮೊದಲೇ ಹೇಳಿಟ್ಟಿರಿ, ಎಂಜಿನ್ ಆಫ್ ಮಾಡಲೂ ಕೇಳಿ. ದೋಣಿ ಸಫಾರಿ ಸಿಕ್ಕಿದರೆ ಇನ್ನೂ ಒಳ್ಳೆಯದು. ನೀವು ನೀರಿನ ಮಟ್ಟದಲ್ಲಿರುತ್ತೀರಿ, ಆನೆ ಏರು ದಡದ ಮೇಲಿರುತ್ತದೆ. ಬೇಸಿಗೆಯಲ್ಲಿ ಬೆಳಗಿನ ಸಫಾರಿ ಹೊರಡುವಷ್ಟರಲ್ಲಿ ಸೂರ್ಯ ಹುಟ್ಟಿರುತ್ತದೆ ಅನ್ನುವುದು ಗೊತ್ತಿರಲಿ. ಅಲ್ಲಿ ಸಂಜೆಯ ಸಫಾರಿಯನ್ನೇ ಇದಕ್ಕೆ ನಂಬಬಹುದು, ದಿಕ್ಕು ಮಾತ್ರ ಪಶ್ಚಿಮ. ಆನೆಯಲ್ಲಿ ಸೊಂಡಿಲು ಮುಂಗಾಲಿಗೆ ಅಂಟಿಕೊಳ್ಳದೆ ಮುಂದಕ್ಕೋ ಮೇಲಕ್ಕೋ ಬಂದಾಗ ಕ್ಲಿಕ್ ಮಾಡಿ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ 2007ರಲ್ಲಿ ಘೋಷಣೆಯಾಯಿತು. 798 ಎಕರೆ ಅಷ್ಟೇ, ಸುತ್ತ ಹೊಲಗಳು. ಕೃಷ್ಣಮೃಗ ಗಾಳಿಯಲ್ಲಿ ಜಿಗಿಯುವ ಚಿತ್ರಕ್ಕಾಗಿ ಬೈಕ್, ಕಾರುಗಳಲ್ಲಿ ಹಿಂಡನ್ನು ಅಟ್ಟಿಸಿಕೊಂಡು ಹೋಗುವವರು ಇದ್ದಾರೆ. ನನಗೆ ಇದು ತುಂಬ ಬೇಜಾರಿನ ವಿಷಯ. ತಾಯಂದಿರು ಮರಿಗಳನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತವೆ. ಗಾಡಿ ಅಡ್ಡಾದಿಡ್ಡಿ ಓಡಿದರೆ ಮರಿ ಚಕ್ರದಡಿ ಸಿಗಬಹುದು. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಪ್ರಾಣಿಯನ್ನು ಅಟ್ಟುವುದೂ ಅದರಲ್ಲಿ ಸೇರುತ್ತದೆ. ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯ ಸಿಬ್ಬಂದಿಯ ಅನುಮತಿ ಕೇಳಿ, ಎಲ್ಲಿ ಮಲಗಬಹುದು ಅಂತಲೂ ಕೇಳಿ. ಹಿಂಡು ಮೇಯುವುದು ಬಿಟ್ಟು ಎಲ್ಲವೂ ನಿಮ್ಮ ಕಡೆ ನೋಡಿದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಅಲ್ಲೇ ನಿಲ್ಲಿ.

ಮನೆಗೆ ಬಂದು ಎಡಿಟ್ ಮಾಡುವಾಗ ಕೆಲಸ ಸ್ವಲ್ಪವೇ. ಬ್ಲಾಕ್ಸ್ (ತೀರಾ ಕಪ್ಪು ಭಾಗ) ಇಳಿಸಿ, ಶ್ಯಾಡೋ (ನೆರಳಿನ ಭಾಗ) ಎತ್ತಬೇಡಿ, ಸೆನ್ಸರ್ ಧೂಳಿನ ಚುಕ್ಕೆ ಅಳಿಸಿ. ಬಣ್ಣ ಇದ್ದಷ್ಟು ಇರಲಿ. ಫೋನಿನಲ್ಲಿ ತೆಗೆಯುವುದಾದರೆ ಎಚ್‌ಡಿಆರ್ ಆಫ್ ಮಾಡಿ, ಇಲ್ಲದಿದ್ದರೆ ಅದು ಕಪ್ಪನ್ನೆಲ್ಲ ಎತ್ತಿ ಬೂದಿ ಮಾಡುತ್ತದೆ. ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಗೆ ಎಳೆಯಿರಿ.

ಅಭ್ಯಾಸಕ್ಕೆ ಮೈದನಹಳ್ಳಿವರೆಗೂ ಹೋಗಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ನಿಮ್ಮ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ಅಂತ ರಾತ್ರಿ ಕುರಿ ಮಂದೆ ನಿಲ್ಲಿಸುತ್ತಾರೆ. ಬೆಳಗಾಗುವಾಗ ಬದುವಿನ ಮೇಲೆ ಟಗರು, ಮೇಕೆ, ನಾಯಿ, ಕಂಬಳಿ ಹೊದ್ದ ಕುರಿಗಾಹಿ, ಎಲ್ಲ ಸಿಗುತ್ತಾರೆ. ಟಗರಿನ ಸುತ್ತಿಕೊಂಡ ಕೊಂಬು ಕೃಷ್ಣಮೃಗದ ಕೊಂಬಿನಷ್ಟೇ ಪಾಠ ಕಲಿಸುತ್ತದೆ, ಹೆದರಿ ಓಡುವುದೂ ಇಲ್ಲ. ಹಿಂದಿನ ದಿನವೇ ಹೋಗಿ ಕುರಿಗಾಹಿಯನ್ನು ಮಾತಾಡಿಸಿ, ಒಪ್ಪಿಗೆ ಕೇಳಿ. ಕತ್ತಲಲ್ಲಿ ಹೇಳದೆ ಕೇಳದೆ ಹೋಗಿ ಹೊಲದಲ್ಲಿ ಮಲಗಿದರೆ ಅವರ ನಾಯಿಗಳು ಬಿಡುವುದಿಲ್ಲ.